ಟರ್ಕಿ ಕೋಳಿಯೂ ಸಾಕುವವರ ತಾಳ್ಮೆಯೂ

ಮನೆಯ ಬಳಿಯಲ್ಲಿ ಸಾಕತಕ್ಕ ಹಕ್ಕಿಗಳಲ್ಲಿ ಟರ್ಕಿ ಕೋಳಿಯಂತೆ ಪರರ ಊರುಗಳ ಹೆಸರನ್ನೆಲ್ಲ ಹೊತ್ತು ತನ್ನ ಊರಿನ ಹೆಸರನ್ನು ಮಾತ್ರ ಕಳೆದುಕೊಂಡ ಹಕ್ಕಿ ಮತ್ತೊಂದಿರಲಾರದು. ಇದರ ತವರು ಅಮೆರಿಕಾ ಖಂಡದ ಮೆಕ್ಸಿಕೋ ದೇಶ. ಸ್ಪೇನ್ ದೇಶದವರು 16ನೆಯ ಶತಮಾನದ ಆದಿಭಾಗದಲ್ಲಿ ಇದನ್ನು ಯೂರೋಪಿಗೆ ತಂದರು. ಇಂಗ್ಲಿಷರು ಇದನ್ನು ತುರ್ಕರ ನಾಡಿನದೆಂದು ತಿಳಿದು ‘ಟರ್ಕಿ’ ಎಂದರು. ತುರ್ಕರು ಹಿಂದೂದೇಶದ್ದೆಂದು ತಿಳಿದು ‘ಹಿಂದಿ’ ಎಂದರು. ಡಚ್ಚರು ಕಲ್ಲಿಕೋಟೆಯ ಹೆಸರನ್ನು ಸೇರಿಸಿ ‘ಕಾಲ್ಕೂನ್’ ಎಂದರು. ಪೋರ್ಚುಗೀಸರು ‘ಪೆರು’ ಎಂದರು. ಆ ಕಡೆಯ ಹೆಸರೇ ಉತ್ತರ ಹಿಂದೂಸ್ಥಾನದಲ್ಲಿ ‘ಪೀರೂ’ ಎಂದು ಉಳಿದಿರುವುದು.

1612ರಲ್ಲಿ ಮುಕರ್ರಬ್ ಖಾನನು ಗೋವೆಯಿಂದ ತಂದು ಜಹಾಂಗೀರ್ ಬಾದಶಹನಿಗೆ ಒಪ್ಪಿಸಿದ ಅಪೂರ್ವ ವಸ್ತುಗಳಲ್ಲಿ ಈ ಹಕ್ಕಿಯೂ ಒಂದಾಗಿತ್ತು. ಅದರ ತಲೆ ಮತ್ತು ಕೊರಳುಗಳ ಬಣ್ಣವು ಊಸರವಳ್ಳಿಯ ಬಣ್ಣದಂತೆ ಗಳಿಗೆ ಗಳಿಗೆಗೂ ಬದಲಾಗುವುದನ್ನು ಕಂಡು ಬಾದಶಹನು ಬೆರಗಾಗಿ ತನ್ನ ಆತ್ಮಚರಿತ್ರೆಯಲ್ಲಿ ಬರೆದಿಟ್ಟನು. ಆಸ್ಥಾನದ ಚಿತ್ರಕಾರನಾದ ಮನ್ಸೂರನು ಅದರ ಚಿತ್ರವನ್ನು ಬರೆದನು. ಆದರೆ ಬಾದಶಹನು ಅದನ್ನು ನೋಡಿ ಆನಂದಿಸಿದನೇ ಹೊರತು, ಸಂಜೆ ಅದನ್ನು ಮರದಿಂದಿಳಿಸಿ ಗೂಡಿಗೆ ಅಟ್ಟುವ ಕೆಲಸವು ಅವನ ಪಾಲಿಗೆ ಬಂದಿರಲಾರದು. ಆ ಕೆಲಸವು ಯಾರ ಪಾಲಿಗೆ ಬರುವುದೋ ಅಂಥವರ ಉಪಯೋಗಕ್ಕಾಗಿ ಮುಂದಿನ ವಿಷಯಗಳನ್ನು ಬರೆದಿದೆ.

ಆಸೆ ಹುಟ್ಟುವ ಬಗೆ

ಹೊಲ, ಹಿತ್ತಲು, ತೋಪುಗಳಿರುವ ಮನೆಗೆ ಈ ಹಕ್ಕಿಯು ಒಗ್ಗತಕ್ಕದ್ದೇ ಸರಿ. ಬಯಲಿನಲ್ಲಿ ಬಿಟ್ಟರೆ ಮಿಡತೆ, ಹುಳು, ಕಳೆಯ ಎಲೆ, ಉದುರಿದ ಕಾಳು ಇವುಗಳನ್ನು ತಾನೇ ಹುಡುಕಿ ತಿನ್ನುವುದು. ಅಮೆರಿಕಾದ ಹೊಗೆಸೊಪ್ಪಿನ ಬೇಸಾಯಗಾರರು ಗಿಡದ ಹುಳುಗಳನ್ನು ಆರಿಸಿ ತಿನ್ನಲೆಂದು ಹಿಂದಿನ ಕಾಲದಲ್ಲಿ ಟರ್ಕಿಗಳ ಹಿಂಡನ್ನೇ ಹೊಲಕ್ಕೆ ಬಿಡುತ್ತಿದ್ದರು. ಬೆಳೆದ ಹಕ್ಕಿಗೆ ಕುದುರೆಮಸಾಲೆ ಮೊದಲಾದ ಹಸುರು ಸೊಪ್ಪನ್ನು ಧಾರಾಳವಾಗಿ ಕೊಟ್ಟು ಕಾಳಿನ ಖರ್ಚನ್ನು ಬಹಳಮಟ್ಟಿಗೆ ತಗ್ಗಿಸಬಹುದು. ಅಮೆರಿಕಾದ ಬೆಲ್ಟ್ಸ್‌ವಿಲ್ ಕ್ಷೇತ್ರದಲ್ಲಿ 1930ರ ದಶಕದಿಂದ ಬೆಳೆಸಿದ ಸಣ್ಣ ಬಿಳಿಯ ತಳಿಯೂ, ಇಜ್ಜತ್‌ನಗರದ ಕೇಂದ್ರ ಪಕ್ಷಿ ಸಂಶೋಧನಾ ಸಂಸ್ಥೆಯ ‘ವಿರಾಟ್’ ತಳಿಯೂ ನಮ್ಮ ದೇಶದಲ್ಲಿ ಬಳಕೆಗೆ ಬಂದಿವೆ.

ಒಂದು ಒಕ್ಕಲುಮನೆಯನ್ನು ಊಹಿಸಿಕೊಳ್ಳಬಹುದು. ಗೃಹಿಣಿಯು ನಾಟಿಕೋಳಿಯ ಮೊಟ್ಟೆಗಳನ್ನು ಮಾರಿ ಕೂಡಿಟ್ಟ ಹಣದಿಂದ ವೈಶಾಖಮಾಸದಲ್ಲಿ 20 ಟರ್ಕಿ ಮರಿಗಳನ್ನು ತರುತ್ತಾಳೆ. ಡಿಸೆಂಬರ್ ತಿಂಗಳಲ್ಲಿ ಕ್ರಿಸ್ಮಸ್ ಹಬ್ಬಕ್ಕೆ ಪಟ್ಟಣದಲ್ಲಿ ಇವುಗಳಿಗೆ ಗಿರಾಕಿಯುಂಟು. ಆ ಹಣವು ಕೈಸೇರಿದರೆ ಮಗಳನ್ನು ಮುಂದಿನ ತರಗತಿಗೆ ಕಳುಹಿಸುವುದಕ್ಕೆ ಸಾಲ ಮಾಡಬೇಕಾಗಿಲ್ಲ. ಹೀಗೆ ಆ 20 ಮರಿಗಳ ಬೆನ್ನಿನ ಮೇಲೆ ಒಂದು ಹುಡುಗಿಯ ವಿದ್ಯಾಭ್ಯಾಸವು ನಿಂತಿದೆಯೆಂದು ಇಟ್ಟುಕೊಳ್ಳಬಹುದು.

ಉಣ್ಣಲರಿಯದ ಮರಿಗಳು

ಮೊದಲನೆಯ ತೊಡಕು ಮೊದಲನೆಯ ದಿನವೇ ಕಾಣಿಸುವುದು. ಕೋಳಿಯ ಮರಿಯು ಮೊಟ್ಟೆಯೊಡೆದ ಸ್ವಲ್ಪ ಹೊತ್ತಿಗೆಲ್ಲ ನೆಲವನ್ನು ಕುಕ್ಕತೊಡಗುವುದು. ಟರ್ಕಿಯ ಮರಿಯಾದರೋ ತುಂಬಿದ ತಟ್ಟೆಯ ಮುಂದೆ ನಿಂತು ಹಸಿವಿನಿಂದ ಕೂಗಬಲ್ಲುದಲ್ಲದೆ, ಕೂಗುತ್ತಲೇ ಸಾಯಲೂಬಲ್ಲುದು. ಅದರ ದೃಷ್ಟಿ ಮಂದ; ತಿನ್ನತಕ್ಕದ್ದು ಇದೇ ಎಂದು ಯಾರಾದರೂ ತೋರಿಸಬೇಕು.

“ಮುಂದಿಟ್ಟ ಅನ್ನವನ್ನು ಉಣ್ಣಲರಿಯದ ಜೀವಗಳನ್ನು ಹಣ ಕೊಟ್ಟು ತಂದೆಯಲ್ಲೇ ಸೊಸೆ!” ಎಂದು ಅತ್ತೆಯು ಹಣೆ ಚಚ್ಚಿಕೊಳ್ಳುವಳು. “ಕಲಿಸಿದರೆ ಕಲಿಯುತ್ತವೆ, ಅತ್ತೆಮ್ಮ,” ಎಂದು ಸೊಸೆಯು ಬೆರಳಿನಿಂದ ತಟ್ಟೆಯನ್ನು ಕುಟ್ಟುತ್ತ ಕೂಡುವಳು. ಮರಿಗಳು ಬೆರಳನ್ನು ಕುಕ್ಕುವುವು, ಬಳೆಯನ್ನು ಕುಕ್ಕುವುವು, ಒಂದರ ಕಣ್ಣನ್ನು ಮತ್ತೊಂದು ಕುಕ್ಕುವುದು, ಕಾಳನ್ನು ಮಾತ್ರ ಕುಕ್ಕುವುದಿಲ್ಲ.

ಇದಕ್ಕೆ ಪರಿಹಾರವು ಸುಲಭವಾಗಿದೆ. ಮರಿಗಳಿಗೆ ಹೊಳೆಯುವ ವಸ್ತುವಿನ ಮೇಲೆಯೂ ಹಸುರು ಬಣ್ಣದ ಮೇಲೆಯೂ ಮೋಹ ಹೆಚ್ಚು. ಬಣ್ಣದ ಗೋಲಿಗಳನ್ನು ತೊಳೆದು ತಿನಿಸಿನ ನಡುವೆಯೂ ನೀರಿನ ಬಟ್ಟಲಿನಲ್ಲಿಯೂ ಹಾಕಿದರೆ, ಗೋಲಿಯನ್ನು ಕುಕ್ಕಲು ಹೋದ ಕೊಕ್ಕಿಗೆ ಕಾಳೂ ನೀರೂ ತಗಲಿ ರುಚಿ ಹತ್ತುವುದು. ಬೇಯಿಸಿದ ಮೊಟ್ಟೆಯನ್ನು ಸಣ್ಣಗೆ ಹೆಚ್ಚಿ ಎಳೆಯ ಸೊಪ್ಪಿನೊಡನೆ ಉದುರಿಸುವುದೂ ಒಳ್ಳೆಯದು. ಮೊದಲ ವಾರಗಳ ಆಹಾರದಲ್ಲಿ ಸಸಾರಜನಕದ ಅಂಶವು ನೂರಕ್ಕೆ 28ರಷ್ಟಿರಬೇಕು. ಕೋಳಿಮರಿಯ ಆಹಾರವು ಇದಕ್ಕೆ ಸಾಲದು. ಮೊದಲನೆಯ ವಾರದಲ್ಲಿ ಕಾವು ಸುಮಾರು 95 ಡಿಗ್ರಿ ಫ್ಯಾರನ್‌ಹೀಟ್ ಇರತಕ್ಕದ್ದು. ಅಲ್ಲಿಂದ ವಾರಕ್ಕೆ 5 ಡಿಗ್ರಿಯಂತೆ ತಗ್ಗಿಸುತ್ತ ಬರಬೇಕು. ಗಾಬರಿಯಾದಾಗ ಮರಿಗಳು ಮೂಲೆಯಲ್ಲಿ ಒಂದರ ಮೇಲೊಂದು ಬಿದ್ದು ಉಸಿರುಕಟ್ಟಿ ಸಾಯುವುದರಿಂದ, ಮೂಲೆಗಳಿಗೆ ತಟ್ಟಿಯನ್ನು ಅಡ್ಡವಿಟ್ಟು ಗುಂಡಗೆ ಮಾಡುವುದು ಅವಶ್ಯ.

ನಮ್ಮ ಗೃಹಿಣಿಯ ಮನೆಯಲ್ಲಿ ಅತ್ತೆಯೇ ಒಂದು ಉಪಾಯವನ್ನು ಹೇಳಿದಳು. ಹಿತ್ತಲಿನ ಹೇಟೆಯ ಎರಡು ಕೋಳಿಮರಿಗಳನ್ನು ತಂದು ಇವುಗಳ ನಡುವೆ ಬಿಟ್ಟಳು. ಅವು ಕುಕ್ಕಿದುದನ್ನು ನೋಡಿ ಇವೂ ಕುಕ್ಕಿದುವು. ಸಂಜೆಯೊಳಗಾಗಿ ಎಲ್ಲ ಮರಿಗಳ ಹೊಟ್ಟೆಯೂ ತುಂಬಿತು. ಇದು ಅನೇಕ ದೇಶಗಳಲ್ಲಿ ಹಳೆಯ ಕಾಲದಿಂದಲೂ ನಡೆದುಬಂದ ಉಪಾಯ. ಇದರ ಫಲವೇನೆಂಬುದು ಮುಂದೆ ತಿಳಿಯುವುದು.

ಬಯಲಿನ ದೊರೆಗಳು

ಮರಿಗಳ ತಲೆ ಮತ್ತು ಕೊರಳುಗಳು ಕೆಂಪೇರುವವರೆಗೂ, ಅಂದರೆ ಸುಮಾರು ಎಂಟು ವಾರಗಳವರೆಗೂ, ಅವು ಬಹಳ ಮೃದುವಾದ ಜೀವಗಳು. ಆಕಾಶವನ್ನು ನೋಡುತ್ತ ಬಾಯಿತೆರೆದು ಮಳೆನೀರು ಕುಡಿದು ಟರ್ಕಿಗಳು ಸಾಯುವುವೆಂಬ ಮಾತು ಬರಿಯ ಕಟ್ಟುಕಥೆ. ಮರಿಯ ತುಪ್ಪುಳಿಗೆ ನೀರನ್ನು ತಡೆಯುವ ಶಕ್ತಿಯಿಲ್ಲದಿರುವುದರಿಂದ ಅದು ನೆನೆದು ಚಳಿಗೆ ಸಾಯುವುದು. ಕಥೆಗೆ ಇದೇ ಮೂಲವಾಗಿರಬಹುದು.

ಕೆಂಪೇರಿದ ಮೇಲೆ ಹಿಂಡು ಬಯಲಿಗಿಳಿಯುವುದು. ಅಂದಿನಿಂದ ಮನೆಯವರ ಕಾಲಿಗೆ ಬಿಡುವಿಲ್ಲ. ಕೋಳಿಯು ಮನೆಯ ಸುತ್ತ ತಿರುಗಿದರೆ ಟರ್ಕಿಯು ಊರಿನ ಸುತ್ತ ತಿರುಗುವುದು. ಮುಂದಿನದು ಹೋದಲ್ಲಿ ಹಿಂದಿನದು ಹೋಗುವುದು. ಮುಂದಿನದಕ್ಕೆ ಎಲ್ಲಿ ಹೋಗುತ್ತೇನೆಂಬ ಅರಿವು ಇರುವಂತೆ ಕಾಣುವುದಿಲ್ಲ. ನೆರೆಯವನ ರಾಗಿಯ ಪೈರಿನಲ್ಲಿ ಹಿಂಡು ಸಿಕ್ಕಿದ ದಿನ, ಅದು ತಿಂದ ಮಿಡತೆಗಳ ಲೆಕ್ಕವನ್ನು ನೆರೆಯವನು ಕೇಳುವುದಿಲ್ಲ. ತುಳಿದ ಪೈರಿನ ಲೆಕ್ಕವನ್ನೇ ಕೇಳುವನು. ಆದುದರಿಂದ ಬೇಲಿಯು ಮೊದಲು, ಹಕ್ಕಿಯು ಆಮೇಲೆ ಬರತಕ್ಕದ್ದು. ಒಂದು ರೆಕ್ಕೆಯ ಹಾರುಗರಿಗಳನ್ನು ಮಾತ್ರ ಕತ್ತರಿಸಿದರೆ ಹಕ್ಕಿಯು ಸಮತೂಕ ತಪ್ಪಿ ಬೇಲಿಯ ಮೇಲೆ ಹಾರಲಾರದು; ಎರಡು ರೆಕ್ಕೆಗಳನ್ನೂ ಕತ್ತರಿಸಿದರೆ ಸಮತೂಕವು ಉಳಿದು, ಅದು ಹೇಗೋ ಹಾರಿಯೇ ತೀರುವುದು.

ಹುಂಜದ ದರ್ಬಾರಂತೂ ಹೇಳತೀರದು. ಬಾಲವನ್ನು ಬೀಸಣಿಗೆಯಂತೆ ಬಿಚ್ಚಿ, ರೆಕ್ಕೆಯ ತುದಿಗಳನ್ನು ನೆಲಕ್ಕೆ ಎಳೆಯುತ್ತ, ಕೊಕ್ಕಿನ ಮೇಲಿನ ತೊಂಗಲನ್ನು ಉದ್ದಕ್ಕೆ ಇಳಿಬಿಟ್ಟು, ಯಾರೂ ಕರೆಯದಿದ್ದರೂ ಸಭೆಗೆ ಬಂದ ಪಾಳೆಯಗಾರನಂತೆ ಅಂಗಳದಲ್ಲಿ ಸುತ್ತುವುದು. ಗುಡುಗಿದರೆ ಗುಳುಗುಳು ಎನ್ನುವುದು. ಬಾಗಿಲು ಬಡಿದರೆ ಗುಳುಗುಳು ಎನ್ನುವುದು. ಮನೆಗೆ ಬಂದ ನೆಂಟರು ಕೆಮ್ಮಿದರೂ ಹುಂಜಗಳೆಲ್ಲ ಒಂದೇ ಕೊರಳಿನಿಂದ ಉತ್ತರ ಕೊಡುವುವು. ಬೆಳಗಿದ ಹಿತ್ತಾಳೆಯ ಕೊಡದಲ್ಲಿಯೋ ಮೋಟಾರು ಬೈಸಿಕಲ್ಲಿನ ಹೊಳಪಿನಲ್ಲಿಯೋ ತನ್ನ ಪ್ರತಿಬಿಂಬವನ್ನು ಕಂಡರೆ, ಶತ್ರುವು ಬಂದನೆಂದು ಎಣಿಸಿ ಗಂಟೆಗಟ್ಟಲೆ ಕಾದಾಡುವುದು. ಶತ್ರುವು ಹಿಂದೆಗೆಯದಿರುವುದೇ ಅದರ ದುಃಖ. ಕೊಡದ ಮೇಲೊಂದು ಗೋಣಿಯನ್ನು ಹೊದಿಸಿದರೆ ಯುದ್ಧವು ಮುಗಿಯುವುದು.

ಬಚ್ಚಿಟ್ಟ ಗೂಡು

ಹೇಟೆಯು ಬಾಹ್ಯದಲ್ಲಿ ಸಾಧು. ಮೊಟ್ಟೆಯಿಡುವ ಕಾಲಕ್ಕೆ ಮಾತ್ರ ಮಹಾ ಕಪಟಿ. ಗೂಡಿನಲ್ಲಿ ಹುಲ್ಲು ಹಾಸಿಟ್ಟಿದ್ದರೂ ಅದನ್ನು ಬಿಟ್ಟು ಲಂಟಾನದ ಪೊದೆಯೊಳಕ್ಕೆ ಹೋಗಿ ಮೊಟ್ಟೆಯಿಟ್ಟು, ಏನನ್ನೂ ಅರಿಯದಂತೆ ಹಿಂದಿರುಗಿ ಬರುವುದು. ಯಾರಾದರೂ ಹಿಂಬಾಲಿಸಿದರೆ ನಿಂತು ಹುಲ್ಲು ಮೇಯುವಂತೆ ನಟಿಸುವುದು. ಹಿಂಬಾಲಿಸಿದವರು ಬೇಸತ್ತು ಹಿಂದಿರುಗಿದ ಮೇಲೆಯೇ ಮುಂದಕ್ಕೆ ಹೋಗುವುದು. ಪೊದೆಯಲ್ಲಿ ಉಳಿದ ಮೊಟ್ಟೆಗಳು ಮುಂಗುಸಿಯ ಪಾಲು; ಕಾವಿಗೆ ಕುಳಿತ ಹೇಟೆಯು ನರಿಯ ಪಾಲು. ಟರ್ಕಿಯ ಹೇಟೆಗಳು ಬಹುಮಟ್ಟಿಗೆ ಮಧ್ಯಾಹ್ನದ ಮೇಲೆ ಮೊಟ್ಟೆಯಿಡುವುದರಿಂದ, ಅವುಗಳನ್ನು ಮಧ್ಯಾಹ್ನದವರೆಗೂ ಕೂಡಿಹಾಕಿ ಬಿಟ್ಟರೆ ನಟನೆಗೆ ವೇಳೆಯಿಲ್ಲದೆ ನೆಟ್ಟಗೆ ಗೂಡಿಗೇ ಓಡುವುವು. ಆಗ ಮೊಟ್ಟೆಗಳನ್ನು ತೆಗೆದು ಮರದ ಮೊಟ್ಟೆಯೊಂದನ್ನು ಬಿಟ್ಟರೆ ಹೇಟೆಯು ಗೂಡನ್ನು ತೊರೆಯದು. ಮೊಟ್ಟೆಯೊಡೆಯಲು 28 ದಿನಗಳ ಕಾವು ಬೇಕು.

ಸಂಜೆಯ ಕಷ್ಟ

ಕತ್ತಲಾದರೆ ನಿಂತಲ್ಲಿಯೇ ಎತ್ತರವನ್ನು ಹುಡುಕಿ ಏರುವುದು ಈ ಹಕ್ಕಿಯ ಹುಟ್ಟುಗುಣ. ಹಿಂದಿನ ಕಾಲದಲ್ಲಿ ಇವುಗಳನ್ನು ನಡೆಸಿಕೊಂಡೇ ಸಂತೆಗೆ ಒಯ್ಯುತ್ತಿದ್ದವರಿಗೆ ಇದರಷ್ಟು ತೊಂದರೆ ಮತ್ತೊಂದಿರಲಿಲ್ಲ. ಇಂಗ್ಲೆಂಡಿನ ಸಫೋಕ್ ಮತ್ತು ನಾರ್ಫೋಕ್ ಸೀಮೆಗಳಿಂದ ಲಂಡನ್ನಿಗೆ ಒಂದು ಸೇತುವೆಯ ಮೇಲೆಯೇ ವರುಷಕ್ಕೆ ಸುಮಾರು 300 ಹಿಂಡುಗಳು, ಒಟ್ಟು ಸುಮಾರು 1,50,000 ಟರ್ಕಿಗಳು ನಡೆದು ಹೋಗುತ್ತಿದ್ದುವೆಂದು ಡೇನಿಯಲ್ ಡೀಫೋ ಎಂಬ ಗ್ರಂಥಕಾರನು 1724ರಲ್ಲಿ ಪ್ರಕಟವಾಗತೊಡಗಿದ ತನ್ನ ಪ್ರವಾಸಗ್ರಂಥದಲ್ಲಿ ಅಂದಾಜು ಮಾಡಿದ್ದಾನೆ.

1866ರಲ್ಲಿ ಹೆನ್ರಿ ಹೂಕರ್ ಎಂಬ ವರ್ತಕನು, ತನ್ನ ಅಂಗಡಿಯು ಬೆಂಕಿಗೆ ಆಹುತಿಯಾಗಲಾಗಿ, ಉಳಿದ ಹಣದಿಂದ ಸುಮಾರು 500 ಟರ್ಕಿಗಳನ್ನು ಕೊಂಡು, ಕ್ಯಾಲಿಫೋರ್ನಿಯಾದಿಂದ ಸಿಯೆರ್ರಾ ನೆವಾಡಾ ಪರ್ವತಗಳ ಮೇಲೆ ಕಾರ್ಸನ್ ನಗರಕ್ಕೆ ಅಟ್ಟಿಕೊಂಡು ಹೋದನು. ಒಂದು ಕಡಿದಾದ ಪ್ರಪಾತದ ಬಳಿ ಹಿಂಡು ನಿಂತಿತು; ನಾಯಿಗಳು ಹಿಂದಿನಿಂದ ಒತ್ತಲು ಹಕ್ಕಿಗಳೆಲ್ಲ ಒಮ್ಮೆಗೇ ಪ್ರಪಾತದ ಮೇಲೆ ಹಾರಿಹೋದುವು. ಸರ್ವಸ್ವವೂ ಹೋಯಿತೆಂದು ಅವನು ಕೆಳಗಿಳಿದು ನೋಡಿದರೆ, ಕಣಿವೆಯಲ್ಲಿ ಅವು ಚೆಲ್ಲಾಪಿಲ್ಲಿಯಾಗಿ ಮೇಯುತ್ತಿದ್ದುವು. ಅವುಗಳನ್ನು ಒಟ್ಟುಗೂಡಿಸಿ, ಒಂದೂವರೆ ಡಾಲರಿಗೆ ಕೊಂಡುದನ್ನು 5 ಡಾಲರಿಗೆ ಮಾರಿದನು. ಎಲ್ಲರಿಗೂ ಇಂಥ ಅದೃಷ್ಟವಿರುವುದಿಲ್ಲ. ಹೊತ್ತು ಮುಳುಗುವುದಕ್ಕೆ ಒಂದು ಗಂಟೆ ಮೊದಲೇ, ದಿನವೂ ಒಂದೇ ವೇಳೆಗೆ, ಗೂಡಿನ ಮುಂದೆ ತಟ್ಟೆಯನ್ನು ಬಡಿದು ಒಂದು ಹಿಡಿ ಕಾಳನ್ನು ಚೆಲ್ಲುವ ಅಭ್ಯಾಸವನ್ನಿಟ್ಟುಕೊಂಡರೆ ಅಟ್ಟುವ ಶ್ರಮವು ತಪ್ಪುವುದು.

ಹಾಸ್ಯವು ಮುಗಿಯುವ ಸ್ಥಳ

ಇಲ್ಲಿಯವರೆಗಿನ ತೊಡಕುಗಳು ತಾಳ್ಮೆಯಿಂದ ತೀರತಕ್ಕವು. ಒಂದು ಮಾತ್ರ ತಾಳ್ಮೆಯಿಂದ ತೀರದು.

ಆ ಒಕ್ಕಲುಮನೆಯಲ್ಲಿ ಹತ್ತನೆಯ ವಾರದ ಹೊತ್ತಿಗೆ ಎರಡು ಹಕ್ಕಿಗಳು ರೆಕ್ಕೆಗಳನ್ನು ಜೋಲುಬಿಟ್ಟು, ಕಣ್ಣು ಮುಚ್ಚಿ, ಗುಂಪಿನಿಂದ ಬೇರೆಯಾಗಿ ನಿಂತುವು. ಹಿಕ್ಕೆಯು ಗಂಧಕದಂತೆ ಹಳದಿಯಾಗಿತ್ತು. ಅತ್ತೆಯು ದೃಷ್ಟಿ ತೆಗೆದಳು. ಎರಡು ವಾರಗಳೊಳಗೆ 20ರಲ್ಲಿ 13 ಹಕ್ಕಿಗಳು ಸತ್ತುವು. ಅದೇ ಅಂಗಳದಲ್ಲಿ ಅವುಗಳಿಗೆ ಕುಕ್ಕಲು ಕಲಿಸಿದ ಕೋಳಿಗಳು ಯಾವ ತೊಂದರೆಯೂ ಇಲ್ಲದೆ ಕೆದಕುತ್ತಿದ್ದುವು.

ಇದೇ ಕಪ್ಪುತಲೆ ರೋಗ. ತಲೆಯು ಕಪ್ಪಾಗಲೇಬೇಕೆಂಬ ನಿಯಮವಿಲ್ಲ. ಹೆಸರು ಮಾತ್ರ ಹಾಗೆ ನಿಂತಿದೆ. ಅಮೆರಿಕಾದ ಥಿಯೋಬಾಲ್ಡ್ ಸ್ಮಿತ್ ಎಂಬ ವಿದ್ವಾಂಸನು 1895ರಲ್ಲಿ ಇದಕ್ಕೆ ಕಾರಣವಾದ ಸೂಕ್ಷ್ಮಜೀವಿಯನ್ನು ವರ್ಣಿಸಿದನು. ಆ ಜೀವಿಯು ಕೋಳಿಯ ಕರುಳಿನ ಸಣ್ಣ ಹುಳುವಿನ ಮೊಟ್ಟೆಯೊಳಗೆ ಅಡಗಿ, ಹಿಕ್ಕೆಯೊಡನೆ ನೆಲಕ್ಕೆ ಸೇರಿ, ವರ್ಷಗಳವರೆಗೂ ಬದುಕಿರಬಲ್ಲುದು. ಎರೆಹುಳುವಿನ ಮೂಲಕವೂ ಹಕ್ಕಿಗೆ ಸೇರಬಲ್ಲುದು. ಕೋಳಿಗೆ ಇದು ಸಾಮಾನ್ಯವಾಗಿ ಹೆಚ್ಚಿನ ಬಾಧೆ ಕೊಡುವುದಿಲ್ಲ. ಟರ್ಕಿಗಾದರೋ ಈಲಿಯನ್ನೂ ಕರುಳನ್ನೂ ಕೆಡಿಸಿ ಹಿಂಡಿನ ಬಹುಭಾಗವನ್ನೇ ಕೊಲ್ಲಬಲ್ಲುದು. ಮೊದಲ ವಾರದ ಉಪಾಧ್ಯಾಯನೇ ಹತ್ತನೆಯ ವಾರದ ಮೃತ್ಯುವಾಗುವುದೆಂದರೆ ಇದೇ. ರೋಗ ಹತ್ತಿದ ಮೇಲೆ ಚಿಕಿತ್ಸೆಯನ್ನು ನಂಬಿ ಕೂಡುವುದಕ್ಕಿಂತ ಹತ್ತದಂತೆ ತಡೆಯುವುದೇ ಮಾರ್ಗ.

ಆದುದರಿಂದ ಟರ್ಕಿಯನ್ನೂ ಕೋಳಿಯನ್ನೂ ಎಂದಿಗೂ ಕೂಡಿ ಸಾಕಕೂಡದು. ಕೋಳಿಗಳು ಕೆಲವು ವರ್ಷಗಳಿಂದ ತಿರುಗದಿರುವ, ನೀರು ನಿಲ್ಲದ ನೆಲದಲ್ಲಿ ಟರ್ಕಿಯನ್ನು ಬಿಡಬೇಕು. ಮೇವಿನ ನೆಲವನ್ನು ಸರದಿಯಂತೆ ಬದಲಾಯಿಸುತ್ತಿರಬೇಕು. ಕೋಳಿಯಂಗಳದಲ್ಲಿ ತುಳಿದ ಮೆಟ್ಟಿನಿಂದ ಟರ್ಕಿಯ ನೆಲವನ್ನು ತುಳಿಯಕೂಡದು. ಎರಡು ಹಿಂಡುಗಳ ಪಾತ್ರೆಗಳೂ ಪೊರಕೆಗಳೂ ಬೇರೆಯಾಗಿರಬೇಕು. ಕೊಕ್ಕರೆ ರೋಗಕ್ಕೂ ಸಿಡುಬಿಗೂ ಪಶುವೈದ್ಯರಿಂದ ಕಾಲಕಾಲಕ್ಕೆ ಲಸಿಕೆ ಹಾಕಿಸಬೇಕು.

ಉಳಿದ ಏಳು ಹಕ್ಕಿಗಳನ್ನು ಆ ಗೃಹಿಣಿಯು ಹೊಲದ ಆಚೆಯ ಒಣನೆಲಕ್ಕೆ ಸಾಗಿಸಿ, ಬೇಲಿ ಕಟ್ಟಿ, ಹೊಸ ಮೆಟ್ಟುಗಳನ್ನು ಅಲ್ಲಿಯೇ ಇಟ್ಟಳು. ಡಿಸೆಂಬರಿನಲ್ಲಿ ಏಳು ಹಕ್ಕಿಗಳೂ ಮಾರಾಟವಾದುವು. ಹಾಕಿದ ಹಣವು ಹಿಂದಿರುಗಿತು. ಮಗಳ ಖರ್ಚಿಗೆ ಅರ್ಧವೂ ಸಾಲಲಿಲ್ಲ. ಉಳಿದುದಕ್ಕೆ ಸಾಲ ಮಾಡಬೇಕಾಯಿತು. ಮರುವರ್ಷ ಮರಿಗಳು ಮನೆಗೆ ಬಂದಾಗ ಅತ್ತೆಯು ಕೋಳಿಗಳನ್ನು ಹಿತ್ತಲಿನೊಳಗೆ ಕೂಡಿ ಅಗಳಿ ಹಾಕಿದಳು. ಮೊಮ್ಮಗಳ ಪೆಟ್ಟಿಗೆಯಿಂದ ಎಂಟು ಬಣ್ಣದ ಗೋಲಿಗಳನ್ನು ತಾನೇ ಕೇಳಿ ತಂದು ತೊಳೆದು ತಟ್ಟೆಯಲ್ಲಿಟ್ಟಳು.

ಇಂಥ ಮನೆಗಳಲ್ಲಿ ಎರಡನೆಯ ವರ್ಷದ ಹಿಂಡು ಉಳಿಯುವುದುಂಟು. ಮೊದಲನೆಯ ವರ್ಷದ ಹಿಂಡೂ ಉಳಿಯಬೇಕಾದರೆ, ಮರಿಗಳನ್ನು ಕೊಳ್ಳುವುದಕ್ಕೆ ಮುಂಚೆಯೇ ನೆಲವನ್ನು ಆರಿಸಿಡತಕ್ಕದ್ದು.