ಮಿಡಿ ಸೌತೆಗೆ ಒಬ್ಬನೇ ಗಿರಾಕಿ

ರಾಜಾಜಿನಗರ, ವಿಜಯನಗರದ ತರಕಾರಿ ಅಂಗಡಿಗಳಲ್ಲಿ ಸೌತೆಕಾಯಿಗೆ ಬರವಿಲ್ಲ. ಆದರೆ ಕಿರುಬೆರಳಿನ ಗಾತ್ರದ ಮಿಡಿ ಸೌತೆ ಅಲ್ಲಿ ಕಾಣುವುದು ಅಪರೂಪ. ತುಮಕೂರು, ಹಾಸನ, ದಾವಣಗೆರೆ ಮುಂತಾದ ಜಿಲ್ಲೆಗಳ ಹೊಲಗಳಲ್ಲಿ ಬೆಳೆಯುವ ಈ ಕಾಯಿ ಉಪ್ಪುನೀರು, ವಿನಿಗರ್‌ನಲ್ಲಿ ನೆನೆದು ಅಮೆರಿಕ, ಯೂರೋಪುಗಳಿಗೆ ಹಡಗೇರುತ್ತದೆ. ಅಲ್ಲಿನವರ ಬರ್ಗರ್‌ನೊಳಗಿನ ಹುಳಿ ಹೋಳು ಇದೇ.

1990ರ ದಶಕದ ಆರಂಭದಲ್ಲಿ ಕರ್ನಾಟಕಕ್ಕೆ ಬಂದ ಈ ಬೆಳೆ ಗುತ್ತಿಗೆ ಬೇಸಾಯವನ್ನೇ ನಂಬಿದೆ. ಕಂಪೆನಿ ಬೀಜ, ಗೊಬ್ಬರ, ಔಷಧಿಯನ್ನು ಸಾಲವಾಗಿ ಕೊಡುತ್ತದೆ. ದರ ಮೊದಲೇ ನಿಗದಿಯಾಗಿರುತ್ತದೆ. ಕಾಯಿ ಕೊಂಡಾಗ ಸಾಲ ಮುರಿದುಕೊಂಡು ಉಳಿದ ಹಣ ಕೊಡುತ್ತದೆ. ಬೆಲೆ ಕುಸಿದು ಟೊಮೆಟೊವನ್ನು ರಸ್ತೆಗೆ ಸುರಿದು ಬಂದ ರೈತನಿಗೆ ಇದು ಸಣ್ಣ ನೆಮ್ಮದಿಯಲ್ಲ. ಕೇಂದ್ರ ವಾಣಿಜ್ಯ ಸಚಿವಾಲಯ 2022ರ ಜನವರಿಯಲ್ಲಿ ನೀಡಿದ ಲೆಕ್ಕದಂತೆ ದೇಶದ ಸುಮಾರು 90,000 ಸಣ್ಣ, ಅತಿಸಣ್ಣ ರೈತರು 65,000 ಎಕರೆಯಲ್ಲಿ ಇದನ್ನು ಬೆಳೆಯುತ್ತಿದ್ದರು. 90 ದಿನಗಳ ಬೆಳೆಯಲ್ಲಿ ಎಕರೆಗೆ ಸುಮಾರು 4 ಟನ್ ಇಳುವರಿ, 40,000 ರೂಪಾಯಿ ನಿವ್ವಳ ಆದಾಯ.

ತೊಡಕಿರುವುದು ಗಾತ್ರದಲ್ಲಿ. ಕಾಯಿ ಚಿಕ್ಕದಾದಷ್ಟೂ ದರ ಹೆಚ್ಚು. ಒಂದು ದಿನ ಕೊಯ್ಲು ತಪ್ಪಿದರೆ ಬಲಿತು ಕೆಳದರ್ಜೆಗೆ ಇಳಿಯುತ್ತದೆ. ಹಬ್ಬವಿರಲಿ, ಮದುವೆಯಿರಲಿ, ಮನೆಮಂದಿ ದಿನವೂ ಹೊಲದಲ್ಲಿರಬೇಕು. ಇಷ್ಟಾದ ಮೇಲೂ ದರ್ಜೆ ನಿರ್ಧರಿಸುವುದು ಕಂಪೆನಿಯೇ. ‘ಇದು ಬೇಡ’ ಎಂದರೆ ರೈತ ಎಲ್ಲಿಗೆ ಒಯ್ಯಬೇಕು? ಈರುಳ್ಳಿಯಾದರೆ ಯಶವಂತಪುರದಲ್ಲಿ ಇನ್ನೊಂದು ಮಂಡಿಗೆ ಹೋಗಬಹುದು. ಮಿಡಿ ಸೌತೆಗೆ ಆ ದಾರಿಯಿಲ್ಲ.

ಕಂಪೆನಿಗಳ ಅಳಲೂ ಸುಳ್ಳಲ್ಲ. ಔಷಧಿಯ ಅಂಶ ಮಿತಿ ಮೀರಿದರೆ ವಿದೇಶದಲ್ಲಿ ಸರಕು ತಿರಸ್ಕೃತವಾಗುತ್ತದೆ. ಸಾಲ ಪಡೆದ ರೈತ ಹೆಚ್ಚಿನ ದರ ಕಂಡು ಬೇರೆ ಕಂಪೆನಿಗೆ ಕಾಯಿ ಕೊಡುವುದೂ ಉಂಟು.

ಜಗಳ ಬಂದರೆ ತೀರ್ಪು ಯಾರದು? ಕೇಂದ್ರದ 2020ರ ಒಪ್ಪಂದ ಕೃಷಿ ಕಾಯ್ದೆ ಇದನ್ನು ಉಪವಿಭಾಗಾಧಿಕಾರಿಗೆ ವಹಿಸಿ, ಸಿವಿಲ್ ನ್ಯಾಯಾಲಯದ ಬಾಗಿಲು ಮುಚ್ಚಿತ್ತು. ರೈತರ ದೀರ್ಘ ಚಳವಳಿಯ ನಂತರ 2021ರ ಕೊನೆಯಲ್ಲಿ ಆ ಕಾಯ್ದೆ ರದ್ದಾಯಿತು. ಪ್ರಶ್ನೆ ಮಾತ್ರ ಹಾಗೇ ಉಳಿಯಿತು.

ಒಪ್ಪಂದದಲ್ಲಿ ದರವೊಂದೇ ಇದ್ದರೆ ಸಾಲದು. ದರ್ಜೆಯ ಅಳತೆ, ತಿರಸ್ಕರಿಸಲು ಕಾರಣ, ಹಣ ಕೊಡುವ ದಿನ, ಎಲ್ಲವೂ ರೈತ ಓದಬಲ್ಲ ಕನ್ನಡದಲ್ಲಿರಬೇಕು. ವಿಂಗಡಿಸುವಾಗ ಬೆಳೆಗಾರರ ಕಡೆಯವರೊಬ್ಬರು ಪಕ್ಕದಲ್ಲಿ ನಿಂತಿರಬೇಕು. ಒಬ್ಬನೇ ಗಿರಾಕಿ ಇರುವ ಸಂತೆಯಲ್ಲಿ ಮಾರುವವನು ಒಂಟಿಯಾಗಿ ನಿಂತರೆ, ಕೈಯಲ್ಲಿರುವ ಕಾಗದ ಅವನನ್ನು ಕಾಯಲಾರದು.