ಗಿಡ್ಡ ಎಳೆಯ ಹತ್ತಿಯ ಪರವಾಗಿ

ಹತ್ತಿಯ ಒಂದು ಎಳೆ ಎಂದರೆ ಒಂದೇ ಒಂದು ಜೀವಕೋಶ. ಹೂವು ಅರಳುವ ಹೊತ್ತಿಗೆ ಬೀಜದ ಸಿಪ್ಪೆಯ ಮೇಲಿನ ಕೆಲವು ಕೋಶಗಳು ಉಬ್ಬಿ, ಕೂದಲಿನಂತೆ ಚಾಚಿಕೊಳ್ಳತೊಡಗುತ್ತವೆ. ಸುಮಾರು ಮೂರು ವಾರ ಉದ್ದವಾಗುವುದೊಂದೇ ಅವುಗಳ ಕೆಲಸ. ಆಮೇಲೆ ಬೆಳವಣಿಗೆ ಒಳಮುಖವಾಗಿ, ಗೋಡೆಯ ಒಳಬದಿಗೆ ಪದರದ ಮೇಲೆ ಪದರ ಸೆಲ್ಯುಲೋಸ್ ಕೂಡುತ್ತ ಹೋಗುತ್ತದೆ. ಕಾಯಿ ಬಿರಿಯುವವರೆಗೂ ಈ ಎಳೆ ನೀರು ತುಂಬಿದ ದುಂಡನೆಯ ಕೊಳವೆ. ಬಿಸಿಲಿಗೆ ನೀರು ಆರಿದೊಡನೆ ಕೊಳವೆ ಚಪ್ಪಟೆಯಾಗಿ, ರಿಬ್ಬನ್ನಿನ ಹಾಗೆ ತಿರುಚಿಕೊಳ್ಳುತ್ತದೆ. ಸೂಕ್ಷ್ಮದರ್ಶಕದಡಿ ಇಟ್ಟು ನೋಡಿದರೆ ಒಂದೇ ಎಳೆಯಲ್ಲಿ ಕೆಲವು ತಿರುವು ಬಲಕ್ಕೆ, ಕೆಲವು ಎಡಕ್ಕೆ ಇರುವುದು ಕಾಣುತ್ತದೆ. ಹತ್ತಿಯಿಂದ ಬಟ್ಟೆ ಆಗುವುದು ಈ ತಿರುವುಗಳ ದೆಸೆಯಿಂದ. ಬೂರುಗದ ಅರಳೆ ನೋಡಲು ಇಷ್ಟೇ ಬೆಳ್ಳಗೆ, ಇನ್ನೂ ಮೃದು. ಆದರೆ ಅದರ ಎಳೆ ನುಣುಪಾದ ನೇರ ಕೊಳವೆಯಾದ್ದರಿಂದ ಒಂದನ್ನೊಂದು ಹಿಡಿಯದೆ ಜಾರುತ್ತದೆ. ಹಾಗಾಗಿ ಅದು ದಿಂಬಿಗೆ ಹೋಯಿತು, ಮಗ್ಗಕ್ಕೆ ಬರಲಿಲ್ಲ.

ನೂಲಿನಲ್ಲಿ ಅಂಟು ಎಂಬುದಿಲ್ಲ. ಬೀಜ ಬಿಡಿಸಿ, ಹಿಂಜಿ, ಹಂಜಿ ಮಾಡಿ, ಎಳೆಗಳನ್ನು ಒಂದರ ಪಕ್ಕ ಒಂದು ಸಾಲಾಗಿಸಿ ಹೊಸೆದಾಗ ಅವು ಬರೀ ಉಜ್ಜುವಿಕೆಯ ಬಲದಿಂದ ಕೂಡಿ ನಿಲ್ಲುತ್ತವೆ. ಎಳೆ ಉದ್ದವಿದ್ದಷ್ಟೂ ಪಕ್ಕದ ಎಳೆಗಳ ಜೊತೆ ಹಿಡಿತ ಹೆಚ್ಚು. ಗಿಡ್ಡವಾದರೆ ಆ ಕೊರತೆಯನ್ನು ಹೆಚ್ಚಿನ ಹೊಸೆತದಿಂದ ತುಂಬಬೇಕು. ಗಿರಣಿಯ ಲೆಕ್ಕ ಶುರುವಾಗುವುದು ಇಲ್ಲಿ. ಕದಿರು ನಿಮಿಷಕ್ಕೆ ಇಷ್ಟೇ ಸುತ್ತು ಎಂದು ಮಿತಿ ಇರುವಾಗ, ಗೇಣು ನೂಲಿಗೆ ಹೆಚ್ಚು ಹೊಸೆತ ಕೊಟ್ಟರೆ ಹೊರಬೀಳುವ ನೂಲು ಕಡಿಮೆ. ಕಡಿತವೂ ಹೆಚ್ಚು. ಉದ್ದ ಎಳೆಯ ಹತ್ತಿ ಗಿರಣಿಗೆ ಲಾಭ ತರುತ್ತದೆ, ನಿಜ. ಆದರೆ ಉದ್ದ ಎಳೆಯದೇ ಒಳ್ಳೆಯ ಹತ್ತಿ ಎಂಬ ಮಾತು ಹುಟ್ಟಿದ್ದು ಒಂದು ಬಗೆಯ ಯಂತ್ರದ ಅಗತ್ಯದಿಂದ. ಅದನ್ನು ಬೆಳೆಯ ಸಹಜ ಗುಣವೆಂದು ತಿಳಿದು ನಾವು ಹೊಲವನ್ನೇ ಬದಲಿಸಿಕೊಂಡೆವು ಎಂಬುದು ನನ್ನ ವಾದ.

ಧಾರವಾಡ ಸೀಮೆಯ ಎರೆಭೂಮಿಯಲ್ಲಿ ಇದರ ಚರಿತ್ರೆ ಪೂರ್ತಿ ಸಿಗುತ್ತದೆ. ಅಲ್ಲಿಯ ಜವಾರಿ ಹತ್ತಿ ಘಟ್ಟ ಇಳಿದು ಕುಮಟಾ ಬಂದರಿನಿಂದ ಹಡಗು ಏರುತ್ತಿದ್ದುದರಿಂದ ವ್ಯಾಪಾರದಲ್ಲಿ ಅದಕ್ಕೆ ಕುಮಟಾ ಹತ್ತಿ ಎಂದೇ ಹೆಸರಾಗಿತ್ತು. ಲ್ಯಾಂಕಾಶೈರಿನ ಗಿರಣಿಗಳಿಗೆ ಬೇಕಿದ್ದದ್ದು ಅಮೆರಿಕದ ಹತ್ತಿ. 1840ರ ದಶಕದಲ್ಲಿ ಕಂಪನಿ ಸರ್ಕಾರ ಆ ಬೀಜವನ್ನು ಧಾರವಾಡಕ್ಕೆ ತಂದಿತು. ಹಿಂದೆಯೇ ಬೀಜ ಬಿಡಿಸುವ ಗರಗಸದ ಹಲ್ಲಿನ ಜಿನ್ನೂ ಬಂತು. 1861ರಿಂದ 65ರವರೆಗಿನ ಅಮೆರಿಕದ ಅಂತರ್ಯುದ್ಧ ಬೇಡಿಕೆಯನ್ನು ಏಕಾಏಕಿ ಏರಿಸಿತು. ಸ್ವಾತಂತ್ರ್ಯದ ನಂತರವೂ ದಿಕ್ಕು ಬದಲಾಗಲಿಲ್ಲ. ಧಾರವಾಡದ ಸಂಶೋಧನಾ ಕೇಂದ್ರದಲ್ಲಿ ಬಿ.ಎಚ್. ಕಟರಕಿಯವರು 1972ರಲ್ಲಿ ವರಲಕ್ಷ್ಮಿ ಎಂಬ ಹೈಬ್ರಿಡ್ ಹತ್ತಿಯನ್ನು ಕೊಟ್ಟರು. ಮುಂದೆ ಡಿಸಿಎಚ್-32 ಬಂತು. ಎರಡು ಬೇರೆ ಬೇರೆ ಪ್ರಭೇದಗಳನ್ನು ಕೂಡಿಸಿ ಪಡೆದ ಈ ತಳಿಗಳು ನಿಜಕ್ಕೂ ದೊಡ್ಡ ಸಾಧನೆ. ಡಿಸಿಎಚ್ ಎಳೆ ಒಂದೂಕಾಲು ಅಂಗುಲ ದಾಟುತ್ತದೆ. ಜವಾರಿ ತಳಿಯಾದ ಜಯಧರದ ಎಳೆ ಒಂದು ಅಂಗುಲವನ್ನೂ ಮುಟ್ಟುವುದಿಲ್ಲ. ಇಂದಿಗೂ ಕೇಂದ್ರ ಸರ್ಕಾರ ಸಾರುವ ಹತ್ತಿಯ ಬೆಂಬಲ ಬೆಲೆ ಮಧ್ಯಮ ಎಳೆ, ಉದ್ದ ಎಳೆ ಎಂಬ ಎರಡು ಹೆಸರಿನಲ್ಲೇ ಇದೆ.

ನಯವಾದ ನೂಲಿಗೆ ಉದ್ದ ಎಳೆ ಬೇಕೇ ಬೇಕಲ್ಲ, ಇದು ಭೌತಶಾಸ್ತ್ರವೇ ಹೊರತು ಗಿರಣಿಯವರ ಹಟವಲ್ಲ ಎಂದು ಯಾರಾದರೂ ಕೇಳಬಹುದು. ಗಿರಣಿಯ ಮಟ್ಟಿಗೆ ಅದು ಸರಿ. ಆದರೆ ಢಾಕಾದ ಮಸ್ಲಿನ್ ನೂತದ್ದು ಮೇಘನಾ ನದಿಯ ದಂಡೆಯ ಗಿಡ್ಡ ಎಳೆಯ ದೇಸಿ ಹತ್ತಿಯಿಂದ. ಗಾಳಿಯಲ್ಲಿ ತೇವ ಹೆಚ್ಚಿರುವ ಬೆಳಗು, ಸಂಜೆಗಳಲ್ಲಿ ಅಲ್ಲಿಯ ಹೆಂಗಸರು ನೂಲುತ್ತಿದ್ದರು. ಹತ್ತಿಯ ಎಳೆ ತೇವದಲ್ಲಿ ಇನ್ನಷ್ಟು ಗಟ್ಟಿಯಾಗುತ್ತದೆ. ಬೆರಳು ಎಳೆತದ ಬಿಗಿಯನ್ನು ಕ್ಷಣಕ್ಷಣಕ್ಕೂ ಅರಿತು ಸಡಿಲಿಸುತ್ತದೆ. ಅದೇ ಹತ್ತಿಯನ್ನು ಗಿರಣಿಯ ಕದಿರಿಗೆ ಕೊಟ್ಟಿದ್ದರೆ ತುಂಡಾಗುತ್ತಿತ್ತು. ಗಿಡ್ಡ ಎಳೆಯಿಂದ ನಯವಾದ ನೂಲು ಆಗುವುದೇ ಇಲ್ಲ ಎಂಬ ಮಾತಿಗೆ ಈ ಒಂದು ಬಟ್ಟೆಯ ಉತ್ತರ ಸಾಕು.

ಕೈನೂಲಿನಿಂದ ಕೋಟಿಗಟ್ಟಲೆ ಜನರಿಗೆ ಬಟ್ಟೆ ಒದಗಿಸಲಾಗದು ಎಂಬುದು ಇದಕ್ಕಿಂತ ತೂಕದ ಆಕ್ಷೇಪ, ಅದನ್ನು ಒಪ್ಪುತ್ತೇನೆ. ಮಸ್ಲಿನ್ ಮತ್ತೆ ಎಲ್ಲರ ಮೈಮೇಲೆ ಬರಲಿ ಎಂದು ನಾನು ಹೇಳುತ್ತಿಲ್ಲ. ಆದರೆ ನಾವು ಉಡುವ, ಹಾಸುವ ಬಟ್ಟೆಯೆಲ್ಲ ನಯ ನೂಲಿನದಲ್ಲ. ಜೀನ್ಸು, ಟವೆಲ್ಲು, ಜಮಖಾನೆ, ಪರದೆಗಳಿಗೆ ಬೇಕಿರುವುದು ದಪ್ಪ ನೂಲು. 1960ರ ದಶಕದ ಕೊನೆಯಲ್ಲಿ ಚೆಕೊಸ್ಲೊವಾಕಿಯಾದಿಂದ ಮಾರುಕಟ್ಟೆಗೆ ಬಂದ ರೋಟರ್ ಯಂತ್ರ ಕದಿರನ್ನೇ ಕೈಬಿಟ್ಟಿತು. ಎಳೆಗಳನ್ನು ಬಿಡಿಬಿಡಿಯಾಗಿ ಒಂದು ತಿರುಗುವ ಬಟ್ಟಲಿಗೆ ಊದಿ, ಅದರ ಅಂಚಿನಲ್ಲಿ ಕೂಡಿಸಿ ಹೊಸೆಯುವ ಈ ಯಂತ್ರಕ್ಕೆ ಗಿಡ್ಡ ಎಳೆಯೂ ನಡೆಯುತ್ತದೆ. ಜವಾರಿ ಎಳೆ ದಪ್ಪವಾದ್ದರಿಂದ ಸಣ್ಣ ನೂಲು ಆಗದು. ದಪ್ಪ ನೂಲಿಗೆ ಅದೇನೂ ಅಡ್ಡಿಯಲ್ಲ. ಅಂದರೆ ಯಂತ್ರ ಬದಲಾಗಿ ಅರ್ಧ ಶತಮಾನ ಕಳೆದಿದೆ, ಹತ್ತಿಯನ್ನು ಅಳೆಯುವ ಕೋಲು ಮಾತ್ರ ಹಳೆಯದೇ ಉಳಿದಿದೆ.

ಇಳುವರಿಯ ಮಾತೂ ಇದೆ. ನೀರು, ಗೊಬ್ಬರ ಒದಗಿಸಿದರೆ ಹೈಬ್ರಿಡ್ ಮುಂದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಮಳೆಯನ್ನೇ ನಂಬಿದ ಎರೆಹೊಲದಲ್ಲಿ ಜಯಧರ ಆಳಕ್ಕೆ ಬೇರಿಳಿಸಿ ಒಣ ದಿನಗಳನ್ನು ತಾಳುತ್ತದೆ. ರಸ ಹೀರುವ ಕೀಟಗಳ ಕಾಟ ಅದಕ್ಕೆ ಕಡಿಮೆ. ಮೆಣಸಿನಕಾಯಿ, ಉಳ್ಳಾಗಡ್ಡಿಯ ಜೊತೆ ಒಂದೇ ಹೊಲದಲ್ಲಿ ಹೊಂದಿಕೊಳ್ಳುತ್ತದೆ. ಬೀಜವನ್ನು ರೈತ ತಾನೇ ತೆಗೆದಿಟ್ಟುಕೊಳ್ಳಬಹುದು. ಹೈಬ್ರಿಡ್ ಬೀಜವನ್ನು ವರ್ಷವರ್ಷ ಕೊಳ್ಳಬೇಕು. ಕಾಯಿಕೊರಕ ಜವಾರಿಗೂ ತಪ್ಪಿದ್ದಲ್ಲ, ನಿಜ. ಆದರೆ 2002ರಲ್ಲಿ ಬಂದ ಬಿಟಿ ಹತ್ತಿಯನ್ನು ಗುಲಾಬಿ ಕಾಯಿಕೊರಕ ಹದಿನೈದು ವರ್ಷ ತುಂಬುವ ಮೊದಲೇ ಜೀರ್ಣಿಸಿಕೊಂಡಿತು. ಖರ್ಚು ಕಳೆದು ಕೈಯಲ್ಲಿ ಉಳಿಯುವುದೆಷ್ಟು ಎಂದು ನೋಡದೆ, ಎಕರೆಗೆ ಕ್ವಿಂಟಲ್ ಎಷ್ಟು ಎಂದಷ್ಟೇ ಕೇಳುವ ಲೆಕ್ಕ ಮಳೆಯಾಶ್ರಿತ ರೈತನ ಪಾಲಿಗೆ ಅರ್ಧ ಲೆಕ್ಕ.

ಆದ್ದರಿಂದ ದಪ್ಪ ನೂಲಿಗೆ ಹೋಗುವ ಹತ್ತಿಗೆ ಎಳೆಯ ಉದ್ದ ನೋಡಿ ಬೆಲೆ ಕತ್ತರಿಸುವುದು ನಿಲ್ಲಬೇಕು. ಗದಗ, ಹುಬ್ಬಳ್ಳಿಯ ಮಾರುಕಟ್ಟೆಗಳಲ್ಲಿ ಜವಾರಿ ಹತ್ತಿಗೆ ಅದರ ಬಳಕೆಗೆ ತಕ್ಕ ಪ್ರತ್ಯೇಕ ದರ್ಜೆ, ಅದಕ್ಕೊಂದು ಖಚಿತ ಬೆಂಬಲ ಬೆಲೆ ಸಿಗಲಿ. ಜಯಧರ ಬಿತ್ತುವ ರೈತರು ಇನ್ನೂ ಇರುವಾಗಲೇ ಈ ಕೆಲಸ ಆಗಬೇಕು.