ನೀರಿನಲ್ಲಿ ಲಾಭವನ್ನೆಣಿಸದ ನಗರಾಧ್ಯಕ್ಷ

ಪುರಸಭೆ ಎಂದೊಡನೆ ನಮ್ಮ ಮನೆಗಳಲ್ಲಿ ನೆನಪಿಗೆ ಬರುವುದು ಕಂದಾಯದ ಚೀಟಿ, ಹೊತ್ತಿಗೆ ಬಾರದ ನಲ್ಲಿಯ ನೀರು, ತುಂಬಿ ನಿಂತ ಚರಂಡಿ. ಗೃಹಿಣಿಯರು ಅದರ ಹೆಸರನ್ನು ಗೌರವದಿಂದ ಉಚ್ಚರಿಸಿದುದನ್ನು ನಾವು ಕೇಳಿದ್ದು ಅಪೂರ್ವ. ಆದರೆ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ನಗರದಲ್ಲಿ ಒಬ್ಬ ವರ್ತಕನು ಮೂರು ವರ್ಷವೂ ತುಂಬದಷ್ಟು ಕಾಲ ಅಧ್ಯಕ್ಷಪದವಿಯಲ್ಲಿದ್ದು, ಪುರಸಭೆ ಎಂಬ ಮಾತಿಗೇ ಹೊಸ ಅರ್ಥವನ್ನು ತಂದನು. ಆತನೇ ಜೋಸೆಫ್ ಚೇಂಬರ್ಲೇನ್. ಎರಡನೆಯ ಮಹಾಯುದ್ಧವು ಮೊದಲಾದಾಗ ಬ್ರಿಟನ್ನಿನ ಪ್ರಧಾನಿಯಾಗಿದ್ದ ನೆವಿಲ್ ಚೇಂಬರ್ಲೇನನ ತಂದೆ ಎಂದರೆ ವಾಚಕರಿಗೆ ಗುರುತು ಸಿಕ್ಕೀತು.

ಆತನು ಹುಟ್ಟಿದುದು 1836ರಲ್ಲಿ, ಲಂಡನ್ನಿನಲ್ಲಿ. ಹದಿನೆಂಟನೆಯ ವಯಸ್ಸಿನಲ್ಲಿ, ತಂದೆಯು ಬಂಡವಾಳ ಹೂಡಿದ್ದ ಸ್ಕ್ರೂ ಕಾರ್ಖಾನೆಯ ವ್ಯವಹಾರವನ್ನು ನೋಡಿಕೊಳ್ಳಲು ಬರ್ಮಿಂಗ್‌ಹ್ಯಾಮಿಗೆ ಬಂದನು. ವ್ಯಾಪಾರದಲ್ಲಿ ಬಹು ಬೇಗನೆ ಧನಿಕನಾದನು. ಆ ಊರಿನಲ್ಲಿ ಜಾರ್ಜ್ ಡಾಸನ್ ಎಂಬ ಉಪದೇಶಕನಿದ್ದನು. ಊರಿನ ಸೇವೆಯು ದೇವರ ಸೇವೆಯಷ್ಟೇ ಪವಿತ್ರವೆಂದೂ, ಬಲ್ಲವರು ಪುರಸಭೆಯಿಂದ ದೂರ ನಿಲ್ಲುವುದು ಪಾಪವೆಂದೂ ಆತನ ಬೋಧೆ. ಈ ಬೋಧೆಗೆ ಆಗ ಅವಶ್ಯಕತೆಯಿದ್ದಿತು. ಹಿಂದಿನ ಸದಸ್ಯರಲ್ಲಿ ಅನೇಕರಿಗೆ ತೆರಿಗೆಯನ್ನು ಏರಿಸಕೂಡದೆಂಬುದೊಂದೇ ವ್ರತ. ಅವರಲ್ಲಿ ಒಂದು ಪಂಗಡವು ಊರಿನ ಕಾರ್ಯಾಲೋಚನೆಯನ್ನು ಒಂದು ಪಾನಗೃಹದಲ್ಲಿ ಕುಳಿತು ನಡೆಸುತ್ತಿದ್ದಿತು! ಚೇಂಬರ್ಲೇನನು 1869ರಲ್ಲಿ ಸದಸ್ಯನಾದನು. 1873ರ ನವೆಂಬರಿನಲ್ಲಿ ಅಧ್ಯಕ್ಷನಾದನು.

ಮೊದಲು ಕೈಯಿಕ್ಕಿದುದು ದೀಪಕ್ಕೆ. ಕಲ್ಲಿದ್ದಲಿನಿಂದ ತೆಗೆದ ಗ್ಯಾಸನ್ನು ಎರಡು ಕಂಪೆನಿಗಳು ಮಾರುತ್ತಿದ್ದವು. ಒಂದೇ ಊರಿನಲ್ಲಿ ಎರಡೂ ಬೀದಿಗಳನ್ನು ಅಗೆಯುತ್ತಿದ್ದವು. ಇವೆರಡನ್ನೂ ಪುರಸಭೆಯೇ ಕೊಳ್ಳಬೇಕೆಂದು 1874ರಲ್ಲಿ ಆತನು ಸೂಚಿಸಿದನು. ಬೆಲೆಯು ಸುಮಾರು 20 ಲಕ್ಷ ಪೌಂಡು. ಇಷ್ಟು ಸಾಲವೇ ಎಂದು ಸಭೆಯು ಬೆದರಿತು. ಆಗ ಚೇಂಬರ್ಲೇನನು ವರ್ತಕನ ಭಾಷೆಯಲ್ಲಿಯೇ ಉತ್ತರವಿತ್ತನು: ಈ ವ್ಯವಹಾರವನ್ನು ತನಗೇ ಗುತ್ತಿಗೆಗೆ ಕೊಟ್ಟರೆ ವರ್ಷಕ್ಕೆ 20,000 ಪೌಂಡನ್ನು ನಗರಕ್ಕೆ ಸಲ್ಲಿಸಿಯೂ ತಾನು ಐಶ್ವರ್ಯವಂತನಾಗುವೆನೆಂದನು. ಸಭೆಯು ಒಪ್ಪಿತು. ಮೊದಲ ವರ್ಷದಲ್ಲಿಯೇ 34,000 ಪೌಂಡು ಉಳಿಯಿತು; ಮುಂದೆ ಗ್ಯಾಸಿನ ಬೆಲೆಯೂ ಇಳಿಯಿತು.

ನೀರಿನ ವಿಷಯ ಬಂದಾಗ ಇದೇ ವರ್ತಕನು ಬೇರೆಯ ಮನುಷ್ಯನಾದನು. ಆಗ ಸುಮಾರು ಒಂದೂವರೆ ಲಕ್ಷ ಜನರು, ಎಂದರೆ ಊರಿನ ಅರ್ಧಕ್ಕೆ ಸಮೀಪದವರು, ಬಾವಿಯ ನೀರನ್ನೇ ನಂಬಿದ್ದರು. ಒತ್ತೊತ್ತಾಗಿ ಕಟ್ಟಿದ ವಠಾರಗಳ ನಡುವಣ ಬಾವಿಗಳವು. ಅಲ್ಲಿಯೇ ಪಕ್ಕದಲ್ಲಿ ಕಕ್ಕಸು, ಕಸದ ಗುಂಡಿ. ಆರೋಗ್ಯಾಧಿಕಾರಿ ಡಾಕ್ಟರ್ ಆಲ್ಫ್ರೆಡ್ ಹಿಲ್ಲರು ಪರೀಕ್ಷಿಸಲಾಗಿ ಕೊಳಚೆ ಬೆರೆತ ಬಾವಿಗಳೇ ಹೆಚ್ಚೆಂದು ಕಂಡುಬಂದಿತು. 13,50,000 ಪೌಂಡು ತೆತ್ತು ನೀರಿನ ಕಂಪೆನಿಯನ್ನೂ ಪುರಸಭೆಯು ಕೊಂಡಿತು. ಇಲ್ಲಿ ಆತನು ಹಾಕಿಕೊಟ್ಟ ಕಟ್ಟಳೆಯನ್ನು ನೋಡಿರಿ: ಗ್ಯಾಸಿನಿಂದ ನಗರಕ್ಕೆ ಲಾಭ ಬರಲಿ, ನೀರಿನಿಂದ ಎಂದೆಂದಿಗೂ ಲಾಭ ಕೂಡದು, ಮಿಕ್ಕ ಹಣವೇನಿದ್ದರೂ ನೀರಿನ ದರವನ್ನು ಇಳಿಸುವುದಕ್ಕೇ ಸಲ್ಲಬೇಕು. ನಮ್ಮ ಧರ್ಮಶಾಸ್ತ್ರಕಾರರು ಬಾವಿ, ಕೆರೆ, ಅರವಟ್ಟಿಗೆಗಳನ್ನು ಪೂರ್ತಕರ್ಮವೆಂದು ಕರೆದು ಯಜ್ಞದ ಜೊತೆಯಲ್ಲಿ ಎಣಿಸಿದರು. ಆ ಶಾಸ್ತ್ರವನ್ನರಿಯದ ಸ್ಕ್ರೂ ವ್ಯಾಪಾರಿಯು ಲೆಕ್ಕದ ಪುಸ್ತಕದ ಮೂಲಕವೇ ಆ ಬಾಗಿಲಿಗೆ ಬಂದುದು ನಮಗೆ ಸೋಜಿಗವೆನಿಸುತ್ತದೆ.

ಈ ಕಾರ್ಯಗಳು ನಡೆಯುತ್ತಿದ್ದಾಗಲೇ, 1875ರ ಫೆಬ್ರವರಿಯಲ್ಲಿ, ಆತನ ಪತ್ನಿ ಫ್ಲಾರೆನ್ಸಳು ಪ್ರಸವದಲ್ಲಿ ತೀರಿಕೊಂಡಳು. 1863ರಲ್ಲಿ ಮೊದಲನೆಯ ಪತ್ನಿಯನ್ನೂ ಹೀಗೆಯೇ ಕಳೆದುಕೊಂಡಿದ್ದನು. ಮನೆ ತುಂಬ ತಾಯಿಯಿಲ್ಲದ ಮಕ್ಕಳು. ಆದರೂ ಹಿಡಿದ ಕೆಲಸವನ್ನು ಆತನು ಬಿಡಲಿಲ್ಲ.

ಮೂರನೆಯ ಕಾರ್ಯವನ್ನು ನಾವು ಹೀಗೆ ನಿಸ್ಸಂಕೋಚವಾಗಿ ಹೊಗಳಲಾರೆವು. ಊರಿನ ನಡುವೆ ಬೆಳಕು ಗಾಳಿಗಳಿಲ್ಲದ ಕೇರಿಗಳಿದ್ದವು. ಸೇಂಟ್ ಮೇರಿ ವಿಭಾಗದಲ್ಲಿ ಸಾವಿನ ಪ್ರಮಾಣವು ಧನಿಕರ ಎಡ್ಜ್‌ಬ್ಯಾಸ್ಟನ್ನಿನದಕ್ಕೆ ಸುಮಾರು ಇಮ್ಮಡಿ. 1875ರಲ್ಲಿ ಹೊಸ ಕಾನೂನು ಬಂದೊಡನೆ ಚೇಂಬರ್ಲೇನನು ಈ ಕೇರಿಗಳನ್ನು ಕೆಡವಿ ವಿಶಾಲವಾದ ರಾಜಬೀದಿಯೊಂದನ್ನು ತೆಗೆಯುವ ಯೋಜನೆಯನ್ನು ಹೂಡಿದನು. ಅದೇ ಕಾರ್ಪೊರೇಷನ್ ಸ್ಟ್ರೀಟ್. ನಿವೇಶನಗಳನ್ನು ಮಾರಿಬಿಡದೆ 75 ವರ್ಷಗಳ ಗೇಣಿಗೆ ಕೊಟ್ಟರು. ಅವಧಿ ಮುಗಿದಾಗ ನೆಲವೂ ಕಟ್ಟಡವೂ ನಗರಕ್ಕೇ ಸೇರಬೇಕೆಂಬುದು ದೂರದೃಷ್ಟಿ. ಅಂಗಡಿಗಳು ಎದ್ದವು, ಬೀದಿಯು ಶೋಭಿಸಿತು. ಆದರೆ ಹಳೆಯ ಗುಡಿಸಲಿನಲ್ಲಿದ್ದ ಕೂಲಿಯವನು ಎಲ್ಲಿಗೆ ಹೋದನು? ಬಡವರಿಗೆ ವಾಸಯೋಗ್ಯವಾದ ಮನೆಯನ್ನೊದಗಿಸುವುದು ಆ ಕಾನೂನಿನ ಹೆಸರಿನಲ್ಲಿಯೇ ಇದ್ದಿತು. ಪುರಸಭೆಯು ತಾನೇ ಕಾರ್ಮಿಕರಿಗೆ ಮನೆ ಕಟ್ಟಿಸತೊಡಗಿದುದು 1890ರಲ್ಲಿ, ರೈಡರ್ ಬೀದಿಯಲ್ಲಿ, ಕಟ್ಟಿಸಿದವು 22. ಕಳೆದುಕೊಂಡವರಾದರೋ ಸಾವಿರಾರು. ಅವರು ಪಕ್ಕದ ಕೇರಿಗಳಲ್ಲಿ ಇನ್ನಷ್ಟು ಒತ್ತಾಗಿ ಸೇರಿಕೊಂಡರು.

1876ರ ಜೂನಿನಲ್ಲಿ ಚೇಂಬರ್ಲೇನನು ಪಾರ್ಲಿಮೆಂಟಿಗೆ ಹೋದನು. ಮುಂದೆ ವಸಾಹತುಗಳ ಮಂತ್ರಿಯಾಗಿ ಸಾಮ್ರಾಜ್ಯದ ಕಹಳೆಯನ್ನೂದಿದ ಆ ಚೇಂಬರ್ಲೇನನ ಮೇಲೆ, ಆಳಿಸಿಕೊಂಡ ನಾಡಿನವರಾದ ನಮಗೆ ಪ್ರೀತಿಯಿಲ್ಲ. ಆದರೆ ಆತನು ನಗರದ ಕೈಗಿತ್ತ ನೀರು ಬೆಳೆಯುತ್ತ ಹೋಯಿತು. 1904ರಲ್ಲಿ ವೇಲ್ಸ್ ನಾಡಿನ ಈಲಾನ್ ಕಣಿವೆಯಿಂದ 73 ಮೈಲಿಗಳ ಕಾಲುವೆಯಲ್ಲಿ ಬರ್ಮಿಂಗ್‌ಹ್ಯಾಮಿಗೆ ನೀರು ಹರಿದುಬಂದಿತು. 1949ರಲ್ಲಿ ಗ್ಯಾಸು ರಾಷ್ಟ್ರದ ಪಾಲಾಯಿತು. 1974ರಲ್ಲಿ ನೀರೂ ನಗರದ ಕೈಬಿಟ್ಟಿತು. 2023ರ ಸೆಪ್ಟೆಂಬರಿನಲ್ಲಿ ಅದೇ ನಗರಸಭೆಯು ಆಯವ್ಯಯವನ್ನು ಸರಿದೂಗಿಸಲಾರೆನೆಂದು ಬಹಿರಂಗವಾಗಿ ಪ್ರಕಟಿಸಬೇಕಾಯಿತು.

ಆತನು ಬದುಕಿರುವಾಗಲೇ, 1880ರಲ್ಲಿ, ಊರಿನವರು ಆತನಿಗೆ ಕೃತಜ್ಞತೆಯಿಂದ ಒಂದು ಸ್ಮಾರಕವನ್ನೆತ್ತಿಸಿದರು. ಕುದುರೆಯೇರಿದ ವೀರನ ಪ್ರತಿಮೆಯಲ್ಲ ಅದು. ಕಲ್ಲಿನ ಶಿಖರ, ಅದರ ಬುಡದಲ್ಲಿ ನೀರಿನ ಕಾರಂಜಿ.